ದೂರವಾಣಿಗೆ ಬರುವ ಆರೋಗ್ಯ ಸಂದೇಶ: ದಂಪತಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳು

(ಪಾಂಡವಪುರ ತಾಲ್ಲೂಕಿನ ದಂಪತಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಕುಟುಂಬ ಕಲ್ಯಾಣವನ್ನು ಕುರಿತು ಮಾತನಾಡಲು ಬಂದವರು ಗರ್ಭಿಣಿಯ ಆಹಾರ, ಮಕ್ಕಳ ನಡುವಣ ಅಂತರ, ಲಸಿಕೆ ಮುಂತಾದ ವಿಷಯಗಳನ್ನು ಎತ್ತಿಕೊಳ್ಳುವುದು ವಾಡಿಕೆ. ಇಂದು ನಾನು ಎತ್ತಿಕೊಂಡಿರುವ ವಿಷಯ ಮೇಲ್ನೋಟಕ್ಕೆ ಬೇರೆಯದಾಗಿ ತೋರಬಹುದು. ನಿಮ್ಮ ಮೊಬೈಲ್ ದೂರವಾಣಿಗೆ ಬರುವ ಕಿರುಸಂದೇಶವನ್ನು, ಅಂದರೆ ಎಸ್.ಎಂ.ಎಸ್. ಎಂದು ನಾವೆಲ್ಲ ಕರೆಯುವ ಆ ನಾಲ್ಕು ಸಾಲನ್ನು, ಕಳುಹಿಸುವವರು ಯಾರು, ಅದು ಯಾವ ದಾರಿಯಿಂದ ಬರುತ್ತದೆ, ಸೇರಬೇಕಾದವರಿಗೆ ಸೇರದೆ ಹೋಗುವುದು ಎಲ್ಲಿ ಎಂಬುದೇ ಆ ವಿಷಯ. ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ, ಹೆರಿಗೆಯ ಸಹಾಯಧನ ಇವೆಲ್ಲಕ್ಕೂ ಈ ಸಂದೇಶಗಳು ಇಂದು ತಳಕು ಹಾಕಿಕೊಂಡಿರುವುದರಿಂದ ಇದನ್ನು ತಿಳಿಯುವುದು ಗಂಡ ಹೆಂಡತಿ ಇಬ್ಬರಿಗೂ ಅವಶ್ಯಕವಾಗಿದೆ.

ಮಗುವಿಗೆ ಲಸಿಕೆ ಹಾಕಿಸುವ ದಿನ ಸಮೀಪಿಸಿದೆಯೆಂದು ಸಂದೇಶ ಬಂದಾಗ, ನಮ್ಮ ಊರಿನ ಉಪಕೇಂದ್ರದ ಸಿಸ್ಟರ್ ಅದನ್ನು ಕುಳಿತು ಬರೆದು ಕಳುಹಿಸಿದರೆಂದು ಅನೇಕರು ಭಾವಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಅದನ್ನು ಆ ದಿನ ಯಾವ ಮನುಷ್ಯನೂ ಬರೆಯಲಿಲ್ಲ, ಯಾವ ಮನುಷ್ಯನೂ ಕಳುಹಿಸಲಿಲ್ಲ. ಕಂಪ್ಯೂಟರಿನಲ್ಲಿ ಬರೆದಿಟ್ಟಿರುವ ಒಂದು ಕಾರ್ಯಕ್ರಮ, ಅಂದರೆ ತಂತ್ರಾಂಶ, ತನ್ನ ಪುಸ್ತಕವನ್ನು ತಾನೇ ನೋಡಿಕೊಂಡು, ದಿನ ಎಣಿಸಿ, ತಾನೇ ಕಳುಹಿಸಿತು. ಈ ಒಂದು ಅಂಶ ಮನಸ್ಸಿನಲ್ಲಿ ನಿಂತರೆ ಮುಂದಿನ ಮಾತುಗಳೆಲ್ಲ ಸುಲಭವಾಗುತ್ತವೆ.

ಕಿರುಸಂದೇಶದ ಚರಿತ್ರೆಯೇ ಹೀಗೆ ಆರಂಭವಾಯಿತೆಂಬುದು ಸ್ವಾರಸ್ಯದ ಸಂಗತಿ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ಕ್ರಿಸ್ಮಸ್ ಶುಭಾಶಯವನ್ನು ವೋಡಾಫೋನ್ ಸಂಸ್ಥೆಯ ಅಧಿಕಾರಿಯೊಬ್ಬರ ದೂರವಾಣಿಗೆ ಕಳುಹಿಸಿದರು. ಜಗತ್ತಿನ ಮೊದಲ ಕಿರುಸಂದೇಶ ಅದು. ಅವರು ಅದನ್ನು ಕಂಪ್ಯೂಟರಿನ ಕೀಲಿಮಣೆಯಿಂದ ಕಳುಹಿಸಬೇಕಾಯಿತು, ಏಕೆಂದರೆ ಅಂದಿನ ದೂರವಾಣಿಗಳಲ್ಲಿ ಅಕ್ಷರ ಬರೆಯುವ ಅನುಕೂಲವೇ ಇರಲಿಲ್ಲ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಅಲ್ಲಿಂದ ಹದಿನಾಲ್ಕು ವರ್ಷ ಕಳೆದ ಮೇಲೆ, 2009ರಲ್ಲಿ, ಪ್ರತಿಯೊಬ್ಬ ಗರ್ಭಿಣಿಯನ್ನೂ ಪ್ರತಿಯೊಂದು ಮಗುವನ್ನೂ ಹೆಸರು ಹಿಡಿದು ಅನುಸರಿಸುವ ತಾಯಿ ಮತ್ತು ಮಗುವಿನ ನಿಗಾ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ಜಾರಿಗೆ ತಂದಿತು. ಅದರ ನಂತರ ಬಂದದ್ದೇ ಆರ್.ಸಿ.ಎಚ್. ಪೋರ್ಟಲ್. ನಿಮ್ಮ ತಾಯಿ ಕಾರ್ಡಿನ ಮೇಲೆ ಬರೆದಿರುವ ಆರ್.ಸಿ.ಎಚ್. ಸಂಖ್ಯೆ ಅದರದು.

ಇನ್ನು, ತಂತ್ರಾಂಶವು ಸಂದೇಶ ಕಳುಹಿಸುವುದು ಹೇಗೆ? ನಮ್ಮ ಹಿರಿಯರಿಗೆ ಮನಿಯಾರ್ಡರ್ ಫಾರಂ ನೆನಪಿರಬಹುದು. ಪಾಂಡವಪುರದ ಅಂಚೆ ಕಚೇರಿಯಲ್ಲಿ ಕೊಟ್ಟರೂ ಬೊಂಬಾಯಿಯಲ್ಲಿ ಕೊಟ್ಟರೂ ಫಾರಂ ಒಂದೇ ಮಾದರಿಯದು. ಕಳುಹಿಸುವವರ ಹೆಸರಿಗೆ ಒಂದು ಕಡೆ, ಪಡೆಯುವವರ ವಿಳಾಸಕ್ಕೆ ಒಂದು ಕಡೆ, ಮೊತ್ತಕ್ಕೆ ಒಂದು ಕಡೆ, ಕೆಳಗೆ ನಾಲ್ಕು ಮಾತು ಬರೆಯಲು ಜಾಗ. ಆ ಫಾರಂ ತುಂಬಿ ಕಿಟಕಿಯಲ್ಲಿ ಕೊಟ್ಟರೆ ಮುಗಿಯಿತು. ಹಣ ಯಾವ ರೈಲಿನಲ್ಲಿ ಹೋಯಿತು, ಯಾವ ಅಂಚೆಯವನ ಚೀಲದಲ್ಲಿ ಹೋಯಿತು ಎಂಬ ಚಿಂತೆ ಕಳುಹಿಸಿದವನಿಗಿಲ್ಲ. ಕಿಟಕಿಯಿಂದ ಒಂದು ರಸೀದಿ ಬರುತ್ತದೆ. ಕಂಪ್ಯೂಟರುಗಳ ನಡುವೆಯೂ ಇಂಥದೇ ಒಂದು ಫಾರಂ ಮತ್ತು ಒಂದು ಕಿಟಕಿ ಇದೆ. ಅದನ್ನು ಬಲ್ಲವರು ಅಪ್ಲಿಕೇಷನ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್, ಚಿಕ್ಕದಾಗಿ ಎ.ಪಿ.ಐ. ಎನ್ನುತ್ತಾರೆ. ಆರೋಗ್ಯ ಇಲಾಖೆಯ ತಂತ್ರಾಂಶವು ತನ್ನ ಗುರುತಿನ ಕೀಲಿ, ಕಳುಹಿಸುವವರ ಹೆಸರು, ಪಡೆಯುವವರ ಹತ್ತು ಅಂಕಿಯ ಸಂಖ್ಯೆ, ಸಂದೇಶದ ಒಕ್ಕಣೆ ಇಷ್ಟನ್ನೂ ಆ ಫಾರಂನಲ್ಲಿ ತುಂಬಿ ಸಂದೇಶದ ಹೆಬ್ಬಾಗಿಲಿಗೆ ಕೊಡುತ್ತದೆ. ಅಲ್ಲಿಂದ ಅದು ದೂರವಾಣಿ ಕಂಪನಿಯ ಸಂದೇಶ ಕೇಂದ್ರಕ್ಕೆ, ಅಲ್ಲಿಂದ ಚಿನಕುರಳಿಯದೋ ಮೇಲುಕೋಟೆಯದೋ ಗೋಪುರಕ್ಕೆ, ಅಲ್ಲಿಂದ ನಿಮ್ಮ ಕಿಸೆಗೆ. ಸಾವಿರ ಮಂದಿಗಾದರೂ ಲಕ್ಷ ಮಂದಿಗಾದರೂ ಫಾರಂ ಅದೇ. ಸರ್ಕಾರದ ಇಲಾಖೆಗಳೆಲ್ಲ ತಮ್ಮ ತಮ್ಮ ಬಾಗಿಲನ್ನು ಬೇರೆಬೇರೆಯಾಗಿ ಕಟ್ಟಿಕೊಳ್ಳದಿರಲೆಂದು ಸಿ-ಡ್ಯಾಕ್ ಸಂಸ್ಥೆ ನಡೆಸುವ ಮೊಬೈಲ್ ಸೇವಾ ಎಂಬ ಸಾಮಾನ್ಯ ಹೆಬ್ಬಾಗಿಲನ್ನು ಕೇಂದ್ರ ಸರ್ಕಾರ 2011ರಲ್ಲಿ ಆರಂಭಿಸಿತು.

ಫಾರಂನ ಈ ಅಂಕಣಗಳಲ್ಲಿ ನಿಮ್ಮ ಮನೆಗೆ ಸಂಬಂಧಿಸಿದ್ದು ಒಂದೇ ಒಂದು. ಅದು ಆ ಹತ್ತು ಅಂಕಿ. ತಂತ್ರಾಂಶಕ್ಕೆ ನಿಮ್ಮ ಹೆಂಡತಿಯ ಮುಖ ಗೊತ್ತಿಲ್ಲ, ಮನೆ ಗೊತ್ತಿಲ್ಲ, ಬೀದಿ ಗೊತ್ತಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಅರ್ಹ ದಂಪತಿಗಳ ಪಟ್ಟಿ ಮಾಡಿದ ದಿನ, ಇಲ್ಲವೆ ಗರ್ಭಿಣಿಯ ಹೆಸರು ಬರೆಸಿದ ದಿನ, ಯಾವ ಸಂಖ್ಯೆಯನ್ನು ನೀವು ಹೇಳಿದಿರೋ ಅದೇ ಅದರ ಪಾಲಿಗೆ ನಿಮ್ಮ ಹೆಂಡತಿ.

ಆ ದಿನ ಸಾಮಾನ್ಯವಾಗಿ ನಡೆಯುವುದೇನು? ಸಂಖ್ಯೆ ಕೇಳಿದೊಡನೆ ಹೆಂಗಸರು ಒಳಗೆ ನೋಡುತ್ತಾರೆ, ಗಂಡಸರು ತಮ್ಮ ಸಂಖ್ಯೆ ಹೇಳುತ್ತಾರೆ. ಗಂಡ ಗದ್ದೆಗೆ ಹೋಗಿದ್ದರೆ ಮೈದುನನದೋ ಪಕ್ಕದ ಮನೆಯವರದೋ ಸಂಖ್ಯೆ ಬರೆಸುವುದೂ ಉಂಟು. ಇದರಲ್ಲಿ ದುರುದ್ದೇಶವೇನೂ ಇಲ್ಲ. ಮನೆಯಲ್ಲಿ ಒಂದೇ ದೂರವಾಣಿ ಇದ್ದ ಕಾಲದ ರೂಢಿ ಅದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ತಮ್ಮ ಬಳಿ ಇದೆಯೆಂದು ಹೇಳಿದ ಸ್ತ್ರೀಯರು ದೇಶದಲ್ಲಿ ನೂರಕ್ಕೆ 54 ಮಂದಿ. ಹಾಗೆ ಮೊಬೈಲ್ ಇದ್ದವರಲ್ಲಿಯೂ ಸಂದೇಶ ಓದಬಲ್ಲವರು ನೂರಕ್ಕೆ 71 ಮಂದಿ. ಉಳಿದವರ ವಿಷಯದಲ್ಲಿ ಸಂದೇಶವು ಬೇರೊಬ್ಬರ ಕೈ, ಬೇರೊಬ್ಬರ ಕಣ್ಣು, ಬೇರೊಬ್ಬರ ನೆನಪು ದಾಟಿಯೇ ಬರಬೇಕು.

ನಮ್ಮ ಸೀಮೆಯ ಪದ್ಧತಿಯನ್ನೇ ತೆಗೆದುಕೊಳ್ಳಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಗಂಡನ ಮನೆ ಪಾಂಡವಪುರದ ಕಡೆ, ತವರು ನಾಗಮಂಗಲದ ಕಡೆ ಎಂದಿಟ್ಟುಕೊಳ್ಳೋಣ. ಬಾಣಂತನ ಮೂರು ತಿಂಗಳೋ ಐದು ತಿಂಗಳೋ ನಡೆಯುತ್ತದೆ. ಮಗುವಿಗೆ ಲಸಿಕೆಗಳು ಒತ್ತಾಗಿ ಬರುವುದು ಇದೇ ಅವಧಿಯಲ್ಲಿ: ಹುಟ್ಟಿದೊಡನೆ ಕೊಡುವವು ಮುಗಿದ ಮೇಲೆ 6 ವಾರಕ್ಕೆ, 10 ವಾರಕ್ಕೆ, 14 ವಾರಕ್ಕೆ. ಈ ಮೂರು ಸಲವೂ ಸಂದೇಶ ಬರುವುದು ಎಲ್ಲಿಗೆ? ಪಾಂಡವಪುರದಲ್ಲಿರುವ ಗಂಡನ ಕಿಸೆಗೆ. ಅವನು ಕಬ್ಬಿನ ಗದ್ದೆಯಲ್ಲಿ ನೀರು ಕಟ್ಟುತ್ತಿರುತ್ತಾನೆ, ಇಲ್ಲವೆ ಮೈಸೂರಿಗೆ ಹೋಗುವ ಬಸ್ಸಿನಲ್ಲಿರುತ್ತಾನೆ. ಮೊಬೈಲು ಒಮ್ಮೆ ಸದ್ದು ಮಾಡುತ್ತದೆ. ಕಂಪನಿಯ ಜಾಹೀರಾತೆಂದು ತಿಳಿದು ಅವನು ನೋಡುವುದೇ ಇಲ್ಲ. ಅತ್ತ ನಾಗಮಂಗಲದಲ್ಲಿ ತಾಯಿ, ಸುದ್ದಿ ಬಂದಾಗ ಹಾಕಿಸಿದರಾಯಿತೆಂದು ಕಾಯುತ್ತಿರುತ್ತಾಳೆ. ಇವರಲ್ಲಿ ಯಾರನ್ನೂ ದೂರುವಂತಿಲ್ಲ. ಮಗುವಿಗೆ ಮಾತ್ರ ಲಸಿಕೆ ತಡವಾಯಿತು. ಹೆರಿಗೆಗೆ ಹೋಗುವಾಗ ಸೀರೆ, ಪಾತ್ರೆ, ತಾಯಿ ಕಾರ್ಡುಗಳನ್ನು ಜೋಡಿಸಿಕೊಳ್ಳುವಂತೆ, ತವರಿನಲ್ಲಿ ಅವಳ ಕೈಗೆ ಸಿಗುವ ಸಂಖ್ಯೆಯೊಂದನ್ನು ಬರೆಸಿ ಹೋಗುವುದೂ ಆ ಸಿದ್ಧತೆಯ ಭಾಗವಾಗಬೇಕು. ಆರ್.ಸಿ.ಎಚ್. ಸಂಖ್ಯೆ ಎಲ್ಲಿಗೆ ಹೋದರೂ ಅದೇ ಆಗಿರುವುದರಿಂದ, ಆ ಊರಿನ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೆ ತಾಯಿ ಕಾರ್ಡ್ ತೋರಿಸಿದರೆ ಲಸಿಕೆ ಅಲ್ಲಿಯೇ ದೊರೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂದೇಶ ನಿಮ್ಮ ದೂರವಾಣಿಗೆ ಬಿದ್ದೊಡನೆ ಕಂಪನಿಯಿಂದ ತಂತ್ರಾಂಶಕ್ಕೆ, ತಲುಪಿತು, ಎಂಬ ಉತ್ತರ ಹೋಗುತ್ತದೆ. ಹೆಬ್ಬಾಗಿಲಿನ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಪೂರ್ಣವಾಯಿತು. ತಲುಪಿತು ಎಂದರೆ ಯಂತ್ರಕ್ಕೆ ತಲುಪಿತು ಎಂದಷ್ಟೇ ಅರ್ಥ. ಯಾರಾದರೂ ಓದಿದರೇ, ಓದಿದವರು ತಾಯಿಗೆ ಹೇಳಿದರೇ ಎಂಬುದು ಆ ಉತ್ತರದಲ್ಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಣೆಕಟ್ಟಿನ ಪುಸ್ತಕದಲ್ಲಿ ನೀರು ಬಿಟ್ಟದ್ದು ನಿಜವೇ. ಕೊನೆಯ ಗದ್ದೆಯಲ್ಲಿ ಪೈರು ಬಾಡುತ್ತಿರುವುದೂ ನಿಜವೇ. ಸಂದೇಶದ ಕೊನೆಯ ಗದ್ದೆ ಮನೆಯ ಹೆಣ್ಣುಮಗಳು. ಮೊಬೈಲಿನಿಂದ ಅವಳವರೆಗೆ ಇರುವ ದಾರಿ ನಾಲ್ಕೇ ಹೆಜ್ಜೆಯದಾದರೂ ಅದನ್ನು ಯಾವ ಇಲಾಖೆಯೂ ನಿರ್ಮಿಸಿಕೊಡಲಾರದು.

ದೂರವಾಣಿ ಆರಿದ್ದರೆ ಅಥವಾ ಗೋಪುರದ ವ್ಯಾಪ್ತಿಯಿಂದ ಹೊರಗಿದ್ದರೆ ಸಂದೇಶವನ್ನು ಕಂಪನಿಯ ಕೇಂದ್ರ ಸ್ವಲ್ಪ ಕಾಲ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅವಧಿ ಮೀರಿದರೆ ಬಿಟ್ಟುಬಿಡುತ್ತದೆ. ಇದಕ್ಕಿಂತ ಹೆಚ್ಚಿನ ತೊಂದರೆ ಕೈಬಿಟ್ಟ ಸಂಖ್ಯೆಗಳದು. ಖರ್ಚು ಕಡಿಮೆ ಮಾಡಬೇಕೆಂದಾಗ ಮನೆಯಲ್ಲಿ ಮೊದಲು ರೀಚಾರ್ಜ್ ನಿಲ್ಲುವುದು ಹೆಂಗಸರ ಸಿಮ್ಮಿಗೆ. ಬಳಸದೆ ಬಿಟ್ಟ ಪ್ರೀಪೇಯ್ಡ್ ಸಂಖ್ಯೆ ಒಂದು ಅವಧಿಯ ನಂತರ ರದ್ದಾಗುತ್ತದೆ. ರದ್ದಾಗಿ 90 ದಿನ ಕಳೆದ ಮೇಲೆ ಅದನ್ನು ಕಂಪನಿ ಬೇರೆಯವರಿಗೆ ಕೊಡಬಹುದು. ಹಾಗೆ ಕೊಟ್ಟ ಮೇಲೆ ನಿಮ್ಮ ಹೆಂಡತಿಯ ತಪಾಸಣೆಯ ದಿನ, ಮಗುವಿನ ಲಸಿಕೆಯ ದಿನ, ಎಲ್ಲಿಯೋ ಇರುವ ಅಪರಿಚಿತನ ಮೊಬೈಲಿಗೆ ಹೋಗುತ್ತದೆ. ತಂತ್ರಾಂಶಕ್ಕೆ ಅದೂ ಒಂದು ಸಂಖ್ಯೆ ಅಷ್ಟೆ. ಸಂಖ್ಯೆ ಬದಲಾಯಿಸಿದಾಗ ಬ್ಯಾಂಕಿಗೆ ತಿಳಿಸಬೇಕೆಂದು ಎಲ್ಲರಿಗೂ ಗೊತ್ತು. ಆಶಾ ಕಾರ್ಯಕರ್ತೆಗೆ ತಿಳಿಸುವವರು ವಿರಳ.

ದಿನಾಂಕಗಳ ಬಗ್ಗೆಯೂ ಒಂದು ಮಾತು. ತಂತ್ರಾಂಶವು ಹೆರಿಗೆಯ ದಿನವನ್ನು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ. ತಪಾಸಣೆಯ ಸಂದೇಶಗಳೂ ಅದೇ ದಿನವನ್ನು ಹಿಡಿದು ಹೊರಡುತ್ತವೆ. ನಮ್ಮ ತಾಯಂದಿರು ಆ ದಿನವನ್ನು ಹೇಳುವ ಬಗೆ ಬೇರೆ: ಶಿವರಾತ್ರಿ ಕಳೆದ ಮೇಲೆ, ವೈರಮುಡಿ ಮುಗಿದು ಎಂಟು ದಿನಕ್ಕೆ. ಮೇಲುಕೋಟೆಯ ವೈರಮುಡಿ ಯಾವ ವರ್ಷ ಯಾವ ದಿನ ಬಂತೆಂದು ಪಂಚಾಂಗ ನೋಡಿ ಬರೆದುಕೊಳ್ಳುವ ತಾಳ್ಮೆ ಬರೆಯುವವರಿಗೆ ಇರಬೇಕು. ಅಂದಾಜಿನಲ್ಲಿ ಬರೆದರೆ ಹದಿನೈದು ದಿನ ಆಚೀಚೆಯಾಗುವುದು ಸುಲಭ. ತಪ್ಪಾದ ದಿನವನ್ನು ಕೊಟ್ಟರೆ ಕಂಪ್ಯೂಟರು ಆ ತಪ್ಪನ್ನು ಅತ್ಯಂತ ನಿಷ್ಠೆಯಿಂದ ಪಾಲಿಸುತ್ತದೆ. ಮುಟ್ಟಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಲು ನಾಚಬೇಕಾದ ಕಾರಣವಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಅದಕ್ಕೂ ಸ್ಥಳವಿದೆ.

ಸಂದೇಶ ಕನ್ನಡದಲ್ಲಿ ಏಕೆ ಬರುವುದಿಲ್ಲವೆಂದು ಕೆಲವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಒಂದು ಕಿರುಸಂದೇಶದಲ್ಲಿ ಇಂಗ್ಲಿಷಾದರೆ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡವಾದರೆ 70 ಮಾತ್ರ. ಈ ಎಣಿಕೆಯಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ. ಮಕ್ಕಳಿಗೆ ಎಂಬ ಮಾತು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರದ ಲೆಕ್ಕದಲ್ಲಿ ಎಂಟು. ಹೀಗಾಗಿ ಕನ್ನಡದ ಒಂದು ಸಾಮಾನ್ಯ ಸೂಚನೆ ಎರಡು ಮೂರು ತುಂಡಾಗಿ ಹೋಗುತ್ತದೆ, ಪ್ರತಿ ತುಂಡಿಗೂ ಕಳುಹಿಸುವವರು ಹಣ ತೆರಬೇಕು. ಹಳೆಯ ಕೆಲವು ದೂರವಾಣಿಗಳಲ್ಲಿ ಕನ್ನಡದ ಬದಲಿಗೆ ಬರಿಯ ಚೌಕಗಳು ಕಾಣುತ್ತಿದ್ದುದೂ ಉಂಟು. ಆದರೂ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ: ಓದಲಾಗದ ಅಗ್ಗದ ಸಂದೇಶಕ್ಕಿಂತ ಓದಬಲ್ಲ ದುಬಾರಿ ಸಂದೇಶವೇ ಲಾಭದ್ದು. ಓದು ಬಾರದವರಿಗಾಗಿ ಧ್ವನಿಯ ದಾರಿಯೂ ಇದೆ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೆಲವು ರಾಜ್ಯಗಳಲ್ಲಿ ಆರಂಭಿಸಿದ ಕಿಲ್ಕಾರಿ ಎಂಬ ಸೇವೆಯಲ್ಲಿ ಗರ್ಭದ ನಾಲ್ಕನೆಯ ತಿಂಗಳಿಂದ ಮಗುವಿಗೆ ಒಂದು ವರ್ಷವಾಗುವವರೆಗೆ ವಾರಕ್ಕೊಮ್ಮೆ ದೂರವಾಣಿ ತಾನಾಗಿ ಕರೆದು ಆ ವಾರಕ್ಕೆ ತಕ್ಕ ಮಾತನ್ನು ಹೇಳುತ್ತದೆ. ಒಟ್ಟು 72 ಕರೆಗಳು. ಅದರ ಹಿಂದೆ ಇರುವುದೂ ಇಂಥದೇ ತಂತ್ರಾಂಶ, ಇಂಥದೇ ಕಿಟಕಿ.

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಎಲ್ಲ ಬಸುರೂ ಸುಖಾಂತವಾಗುವುದಿಲ್ಲ. ಗರ್ಭ ಇಳಿದುಹೋಗಬಹುದು, ಹುಟ್ಟಿದ ಮಗು ಉಳಿಯದೆ ಹೋಗಬಹುದು. ಅಂಥ ಮನೆಯಲ್ಲಿ ಸೂತಕ ಕಳೆದು ತಾಯಿ ಇನ್ನೂ ಮೂಲೆಯಲ್ಲಿ ಕುಳಿತಿರುವಾಗಲೇ, ನಿಮ್ಮ ಮಗುವಿಗೆ ಆರು ವಾರ ತುಂಬಿತು, ಲಸಿಕೆಗೆ ಕರೆತನ್ನಿ, ಎಂಬ ಸಂದೇಶ ಬರಬಹುದು. ಕಳುಹಿಸಿದ್ದು ಮನುಷ್ಯನಾಗಿದ್ದರೆ ನಾಲಗೆ ಕಚ್ಚಿಕೊಳ್ಳುತ್ತಿದ್ದ. ಯಂತ್ರಕ್ಕೆ ಅದು ತಿಳಿಯದು. ಪುಸ್ತಕದಲ್ಲಿ ಮಗು ಇನ್ನೂ ಇದೆ, ಆದಕಾರಣ ಅದು ಕಳುಹಿಸುತ್ತದೆ. 10 ವಾರಕ್ಕೆ ಮತ್ತೆ ಕಳುಹಿಸುತ್ತದೆ. 2014ರಲ್ಲಿ ದಕ್ಷಿಣ ಆಫ್ರಿಕಾ ದೇಶವು ಮಾಮ್‌ಕನೆಕ್ಟ್ ಎಂಬ ಹೆಸರಿನಲ್ಲಿ ಗರ್ಭಿಣಿಯರಿಗೆ ಉಚಿತ ಸಂದೇಶಗಳನ್ನು ಆರಂಭಿಸಿದಾಗ ಈ ಸಂಗತಿಗೆ ಗಮನ ಕೊಟ್ಟಿತು. ಮಗುವನ್ನು ಕಳೆದುಕೊಂಡೆನೆಂದು ತಾಯಿ ತಿಳಿಸಿದರೆ ಹಳೆಯ ಸಂದೇಶಗಳು ನಿಂತು, ಬೇಕಾದರೆ ಸಾಂತ್ವನದ ಬೇರೆ ಸಂದೇಶಗಳು ಬರುವ ಏರ್ಪಾಡನ್ನು ಮಾಡಿತು. ನಮ್ಮಲ್ಲಿ ಈ ಕೆಲಸ ನಡೆಯಬೇಕಾದದ್ದು ಉಪಕೇಂದ್ರದ ದಾಖಲೆಯಲ್ಲಿ. ದುಃಖದ ಮನೆಗೆ ಹೋಗಿ ವಿವರ ಕೇಳಲು ಆಶಾ ಕಾರ್ಯಕರ್ತೆಗೂ ಸಂಕೋಚವಾಗುತ್ತದೆ, ಹೇಳಲು ಮನೆಯವರಿಗೂ ಬಾಯಿ ಬರುವುದಿಲ್ಲ. ದಾಖಲೆ ಹಾಗೆಯೇ ಉಳಿಯುತ್ತದೆ. ಇಂಥ ಸಂದರ್ಭದಲ್ಲಿ ಗಂಡನಾದವನೋ ಮನೆಯ ಹಿರಿಯರೋ ಒಂದು ಹೆಜ್ಜೆ ಮುಂದೆ ಬಂದು, ಆದದ್ದನ್ನು ದಾಖಲಿಸಿ, ಸಂದೇಶ ನಿಲ್ಲಿಸಿ, ಎಂದು ಹೇಳಬೇಕು. ಒಂದು ನಿಮಿಷದ ಆ ಮಾತು ಆ ತಾಯಿಯನ್ನು ಅನೇಕ ತಿಂಗಳ ನೋವಿನಿಂದ ಪಾರು ಮಾಡುತ್ತದೆ. ಅದೇ ದಾಖಲೆಯಿಂದ ಮುಂದಿನ ಬಸುರಿನಲ್ಲಿ ವೈದ್ಯರು ಅವಳನ್ನು ಹೆಚ್ಚಿನ ಎಚ್ಚರದಿಂದ ನೋಡಿಕೊಳ್ಳುವುದೂ ಸಾಧ್ಯವಾಗುತ್ತದೆ.

ಗುಟ್ಟಿನ ವಿಷಯವೂ ಹೀಗೆಯೇ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುತ್ತಿರುವ ಅಂತರ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ದಿನ ತಪ್ಪಿದರೆ ಪ್ರಯೋಜನ ತಪ್ಪುತ್ತದೆ. ಆದ್ದರಿಂದ ನೆನಪಿನ ಸಂದೇಶ ಉಪಯುಕ್ತವೇ. ಆದರೆ ಆ ಸಂದೇಶ ಅತ್ತೆಯ ಕೈಗೋ ಮೈದುನನ ಕೈಗೋ ಬಿದ್ದರೆ ಗಂಡ ಹೆಂಡತಿ ಇಬ್ಬರೇ ಕೂಡಿ ಮಾಡಿದ ನಿರ್ಧಾರ ಜಗುಲಿಯ ಚರ್ಚೆಯಾಗುತ್ತದೆ. ಇಂಥ ಸೂಚನೆಯಲ್ಲಿ ಚುಚ್ಚುಮದ್ದಿನ ಹೆಸರೇ ಬೇಕಾಗಿಲ್ಲ. ಮುಂದಿನ ಭೇಟಿಯ ದಿನ ಇಂಥದು, ಎಂದಿದ್ದರೆ ಸಾಕು. ಒಕ್ಕಣೆ ಬರೆಯುವವರಿಗೆ ಈ ಜಾಣ್ಮೆ ಇರಬೇಕೆಂಬುದು ನನ್ನ ಅಪೇಕ್ಷೆ. ಸಂದೇಶವೇ ಬೇಡ, ತಾಯಿ ಕಾರ್ಡೋ ಅಂತರ ಕಾರ್ಡೋ ಸಾಕು, ಎನ್ನುವ ಹಕ್ಕೂ ಹೆಣ್ಣುಮಗಳಿಗೆ ಇದೆ. ಅವಳ ಹೆಸರಿನಲ್ಲಿ ಯಾವ ಸಂಖ್ಯೆ ಬರೆಸಬೇಕೆಂಬುದನ್ನು ಅವಳನ್ನು ಕೇಳಿಯೇ ಬರೆಸಬೇಕು. ಪತ್ನಿಗೆ ಬಂದ ಸಂದೇಶವನ್ನು ಪತಿ ಓದಿ ಹೇಳುವುದು ಬೇರೆ, ಓದಿ ಅಳಿಸುವುದು ಬೇರೆ.

ಇನ್ನು ಮೋಸದ ವಿಷಯ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆಂದು ನಿಮಗೆ ಗೊತ್ತಿದೆ, ವಂಚಕರಿಗೂ ಗೊತ್ತಿದೆ. ತಂತ್ರಾಂಶದ ಕಿಟಕಿ ಸಾಮಾನ್ಯರಿಗೆ ಅಗ್ಗವಾದಂತೆ ಕಳ್ಳರಿಗೂ ಅಗ್ಗವಾಯಿತು. ಇದನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರಲ್ಲಿ ನಿಯಮ ಮಾಡಿತು. ಕಂಪ್ಯೂಟರಿನಿಂದ ಸಂದೇಶ ಕಳುಹಿಸುವ ಸಂಸ್ಥೆ ತನ್ನ ಹೆಸರನ್ನೂ, ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು. ಒಕ್ಕಣೆಯಲ್ಲಿ ಹೆಸರು, ದಿನಾಂಕಗಳಿಗೆ ಮಾತ್ರ ಖಾಲಿ ಜಾಗ. 2013ರಲ್ಲಿ ನಿಂತುಹೋದ ತಂತಿ ಸೇವೆಯಲ್ಲಿ ಮದುವೆಯ ಶುಭಾಶಯಕ್ಕೆ ಒಂದು ಸಂಖ್ಯೆ, ಹಬ್ಬದ ಶುಭಾಶಯಕ್ಕೆ ಒಂದು ಸಂಖ್ಯೆ ಎಂದು ಸಿದ್ಧ ಒಕ್ಕಣೆಗಳಿದ್ದವಲ್ಲ, ಅದನ್ನೇ ಹೋಲುತ್ತದೆ. 2021ರ ಮಾರ್ಚ್ 8ರಂದು ಕಂಪನಿಗಳು ಈ ನಿಯಮವನ್ನು ಬಿಗಿಯಾಗಿ ಜಾರಿಗೆ ತಂದಾಗ, ಒಕ್ಕಣೆ ನೋಂದಾಯಿಸದ ಸಂಸ್ಥೆಗಳ ಸಂದೇಶಗಳು ನಿಂತವು. ಬ್ಯಾಂಕುಗಳ ಗುಪ್ತ ಸಂಖ್ಯೆಗಳು, ಕೋವಿಡ್ ಲಸಿಕೆಯ ಕೋವಿನ್ ಸಂದೇಶಗಳು ಜನರಿಗೆ ಸಿಗದೆ ಟ್ರಾಯ್ ಅದನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಅದೇ ವರ್ಷದ ಬೇಸಗೆಯಲ್ಲಿ ಇನ್ನೊಂದು ವಿಚಿತ್ರವೂ ಕಂಡಿತು. ಕೋವಿನ್‌ನ ಕಿಟಕಿಯನ್ನು ಸಾರ್ವಜನಿಕರಿಗೆ ತೆರೆದಾಗ, ಕಂಪ್ಯೂಟರ್ ಬಲ್ಲ ನಗರದ ಯುವಕರು ಖಾಲಿ ಜಾಗ ಕಂಡೊಡನೆ ಎಚ್ಚರಿಸುವ ತಂತ್ರಾಂಶ ಬರೆದುಕೊಂಡರು. ನಗರದವರು ಕಾರಿನಲ್ಲಿ ಬಂದು ಹಳ್ಳಿಯ ಕೇಂದ್ರಗಳಲ್ಲಿ ಲಸಿಕೆ ಪಡೆದು ಹೋದ ವರದಿಗಳು ಬಂದವು; ಆ ಹಳ್ಳಿಯವರು ಹೊರಗೆ ನಿಂತು ನೋಡಿದರು. ಕಿಟಕಿ ಎಲ್ಲರಿಗೂ ತೆರೆದಿತ್ತು, ಅದರೆದುರು ನಿಲ್ಲಬಲ್ಲವರು ಕೆಲವರೇ.

ವಂಚಕರ ಸಂದೇಶವನ್ನು ಗುರುತಿಸಲು ಒಂದು ಉಪಾಯವಿದೆ. 2025ರ ಮೇ ತಿಂಗಳಿನಿಂದ ನೋಂದಾಯಿತ ಸಂಸ್ಥೆಗಳ ಹೆಸರಿನ ಕೊನೆಯಲ್ಲಿ ಒಂದು ಅಡ್ಡಗೆರೆ, ಅದರ ಮುಂದೆ ಒಂದು ಇಂಗ್ಲಿಷ್ ಅಕ್ಷರ ಬರುತ್ತಿದೆ. ಸರ್ಕಾರದ್ದಾದರೆ ಜಿ, ಜಾಹೀರಾತಾದರೆ ಪಿ, ಸೇವೆಯದಾದರೆ ಎಸ್, ಬ್ಯಾಂಕಿನ ವ್ಯವಹಾರದಂಥದಾದರೆ ಟಿ. ಹೆರಿಗೆಯ ಹಣ ಬಂದಿದೆ, ಈ ಕೊಂಡಿಯನ್ನು ಒತ್ತಿ, ಎಂಬ ಸಂದೇಶವು ಸಾಮಾನ್ಯ ಹತ್ತು ಅಂಕಿಯ ಸಂಖ್ಯೆಯಿಂದ ಬಂದಿದ್ದರೆ ಅದನ್ನು ಮುಟ್ಟಬೇಡಿ. ಗುಪ್ತ ಸಂಖ್ಯೆ, ಅಂದರೆ ಓ.ಟಿ.ಪಿ., ಕೆಲವು ನೋಂದಣಿಗಳಿಗೆ ಬೇಕಾಗುತ್ತದೆ. ನಿಮ್ಮೆದುರಿಗೆ ಕುಳಿತು, ನಿಮಗೆ ತಿಳಿಸಿ ನೋಂದಣಿ ಮಾಡುತ್ತಿರುವ ನಿಮ್ಮ ಊರಿನ ಕಾರ್ಯಕರ್ತೆಗೆ ಮಾತ್ರ ಅದನ್ನು ಹೇಳಬಹುದು. ದೂರವಾಣಿಯಲ್ಲಿ ಕೇಳಿದವರು ಯಾರೇ ಆಗಲಿ, ಎಷ್ಟೇ ದೊಡ್ಡ ಅಧಿಕಾರಿಯ ಹೆಸರು ಹೇಳಲಿ, ಕೊಡಬಾರದು. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಸಂದೇಶ ಬಾರದಿದ್ದ ಮಾತ್ರಕ್ಕೆ ಲಸಿಕೆಯ ದಿನ ಬಂದಿಲ್ಲವೆಂದು ತಿಳಿಯಬೇಡಿ. ತಾಯಿ ಕಾರ್ಡಿನಲ್ಲಿ ಬರೆದ ದಿನವೇ ದಿನ. ಸಂದೇಶ ಅದರ ನೆನಪು ಮಾತ್ರ. ಮುಂದಿನ ಗುರುವಾರ ಲಸಿಕೆಗೆ ಬಂದಾಗ ಕಾರ್ಡಿನ ಮೇಲಿರುವ ಸಂಖ್ಯೆಯನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ. ಅದು ಇಂದಿಗೂ ನಡೆಯುತ್ತಿದೆಯೇ, ಯಾರ ಕೈಯಲ್ಲಿದೆ, ತಾಯಿಗೆ ಒಪ್ಪಿಗೆಯೇ ಎಂಬುದನ್ನು ನೋಡಿ. ಬೇರೆಯಾಗಿದ್ದರೆ ಕಾರ್ಡಿನಲ್ಲಿ ಮಾತ್ರವಲ್ಲದೆ ಕಂಪ್ಯೂಟರಿನ ದಾಖಲೆಯಲ್ಲಿಯೂ ತಿದ್ದಬೇಕೆಂದು ಕೇಳಿ. ಕಾಗದದಲ್ಲಿ ತಿದ್ದಿ ಕಂಪ್ಯೂಟರಿನಲ್ಲಿ ತಿದ್ದದಿದ್ದರೆ ಸಂದೇಶ ಹಳೆಯ ದಾರಿಯಲ್ಲಿಯೇ ಹೋಗುತ್ತದೆ.

ಕೊನೆಯದಾಗಿ, ನಿಮ್ಮಲ್ಲಿ ಯಾರಿಗಾದರೂ ಗುರುತಿಲ್ಲದ ಗರ್ಭಿಣಿಯ ಹೆಸರಿನಲ್ಲಿಯೋ ನಿಮ್ಮದಲ್ಲದ ಮಗುವಿನ ಹೆಸರಿನಲ್ಲಿಯೋ ಇಂಥ ಸಂದೇಶ ಬರುತ್ತಿದ್ದರೆ, ಅದನ್ನು ಅಳಿಸಿ ಸುಮ್ಮನಾಗಬೇಡಿ. ಅದು ಬೇರೊಂದು ಮನೆಗೆ ಸೇರಬೇಕಾದ ಸುದ್ದಿ. ಅದನ್ನು ಊರಿನಲ್ಲಿ ಯಾರಿಗೂ ಓದಿ ಹೇಳದೆ, ನೇರವಾಗಿ ಆಶಾ ಕಾರ್ಯಕರ್ತೆಗೆ ತೋರಿಸಿ. ಸಂದೇಶದಲ್ಲಿರುವ ಹೆಸರು ಅಥವಾ ಆರ್.ಸಿ.ಎಚ್. ಸಂಖ್ಯೆಯನ್ನು ಹಿಡಿದು ಉಪಕೇಂದ್ರದವರು ಆ ತಾಯಿಯನ್ನು ಹುಡುಕಿ, ಸಂಖ್ಯೆಯನ್ನು ಸರಿಪಡಿಸಬಲ್ಲರು.